ಬರದ ನಂತರ ಹಳಿ ಹಾಕಿಸಿದ ದಿವಾನ

ಮೈಸೂರಿನ ಪುರಭವನದ ಪೂರ್ತಿ ಹೆಸರು ರಂಗಾಚಾರ್ಲು ಸ್ಮಾರಕ ಭವನ. ಯಾರೀ ರಂಗಾಚಾರ್ಲು ಅಂತ ಕೇಳಿದರೆ, ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ ದಿವಾನರು ಎಂಬ ಉತ್ತರ ಸಿಗುತ್ತದೆ. ಸರಿಯೇ. ಆದರೆ ಅದೇ ಹೊತ್ತಿನಲ್ಲಿ ಅವರು ರೈಲಿನ ಬೆನ್ನು ಹತ್ತಿದ್ದು ಯಾಕೆ ಅನ್ನೋದು ಅಷ್ಟೇ ಮುಖ್ಯ.

1831ರಲ್ಲಿ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಹುಟ್ಟಿ, ಮದ್ರಾಸ್ ಸರ್ಕಾರದ ನೌಕರಿಯಲ್ಲಿ ಪಳಗಿದವರು. 1868ರಲ್ಲಿ ಮೈಸೂರು ಅರಮನೆಯ ಲೆಕ್ಕಪತ್ರ ನೋಡಿಕೊಳ್ಳಲು ಬಂದರು. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು.

ಆಮೇಲೆ 1876-78ರ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷ. ಬೆಂಗಳೂರಿಗೆ 1864ರಲ್ಲೇ ಜೋಲಾರಪೇಟೆ ಕಡೆಯಿಂದ ರೈಲು ಬಂದಿತ್ತು, ಮದ್ರಾಸಿನ ಧಾನ್ಯವೂ ಬಂತು. ಅಲ್ಲಿಂದಾಚೆ? ಗಾಡಿ ಬೇಕು, ಗಾಡಿ ಎಳೆಯುವ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಹಳಿ ಇದ್ದರೆ ಎಲ್ಲರೂ ಬದುಕುತ್ತಿದ್ದರು ಅಂತಲ್ಲ. ಹಳಿ ಇದ್ದ ಮದ್ರಾಸ್ ಪ್ರಾಂತ್ಯದಲ್ಲೂ ಲಕ್ಷಾಂತರ ಜನ ಸತ್ತರು. ಕೊಳ್ಳಲು ಕೈಯಲ್ಲಿ ಕಾಸಿಲ್ಲದವರಿಗೆ ರೈಲು ಅನ್ನ ಕೊಡಲ್ಲ. ಹಳಿಯೇ ಇಲ್ಲದ ಕಡೆ ಕಾಸಿದ್ದವರಿಗೂ ಅನ್ನ ತಲುಪಲಿಲ್ಲ, ಅಷ್ಟೇ.

1881ರ ಮಾರ್ಚ್‌ನಲ್ಲಿ ಅಧಿಕಾರ ಒಡೆಯರಿಗೆ ಮರಳಿತು. 18ರ ಹರೆಯದ ಚಾಮರಾಜೇಂದ್ರರ ಮೊದಲ ದಿವಾನರಾಗಿ ರಂಗಾಚಾರ್ಲು ಪಡೆದದ್ದು 80 ಲಕ್ಷ ರೂಪಾಯಿಯ ಬರದ ಸಾಲ. ಇವತ್ತಿನ ಹಣಕಾಸು ತಜ್ಞರಾದರೆ ಕೈ ಕಟ್ಟಿ ಕೂರಿ ಅನ್ನುತ್ತಿದ್ದರು. ಅವರು ಖರ್ಚು ಕಡಿತ ಮಾಡಿದ್ದು ನಿಜ, ಹಾಸನ ಮತ್ತು ಚಿತ್ರದುರ್ಗವನ್ನು ಜಿಲ್ಲೆಗಳ ಪಟ್ಟಿಯಿಂದಲೇ ತೆಗೆದರು. ಆ ಊರಿನವರಿಗೆ ಸಿಟ್ಟು ಬಂದಿದ್ದರೆ ತಪ್ಪೇನಿಲ್ಲ. ಆದರೆ ಬೆಂಗಳೂರು–ಮೈಸೂರು ಹಳಿಯ ಕೆಲಸ ನಿಲ್ಲಿಸಲಿಲ್ಲ. ಬ್ರಿಟಿಷ್ ಇಂಡಿಯಾದ ಅನೇಕ ಮಾರ್ಗಗಳನ್ನು ಲಂಡನ್ ಷೇರುದಾರರ ಕಂಪನಿಗಳು ಕಟ್ಟಿದ್ದವು. ಲಾಭ ಬರಲಿ ಬಿಡಲಿ, ಅವರಿಗೆ ಶೇ. 5ರಷ್ಟು ಗ್ಯಾರಂಟಿ, ಕೊರತೆ ತುಂಬೋದು ಇಲ್ಲಿನ ತೆರಿಗೆದಾರ. ಮೈಸೂರಿನ ಹಳಿಗೆ ಸಂಸ್ಥಾನವೇ ಹಣ ಹಾಕಿತು, ಸಂಸ್ಥಾನವೇ ಒಡೆಯ. ಅಗ್ಗವಾಗಲಿ ಅಂತ ಮೀಟರ್ ಗೇಜ್. ಹಾಗಾಗಿ ಬ್ರಾಡ್ ಗೇಜ್‌ನಲ್ಲಿ ಬಂದ ಮೂಟೆಯನ್ನು ಬೆಂಗಳೂರಲ್ಲಿ ಇಳಿಸಿ ಮತ್ತೆ ಏರಿಸಬೇಕು. ಹಮಾಲರ ಬೆನ್ನಿನ ಲೆಕ್ಕ ಯಾವ ಎಸ್ಟಿಮೇಟ್‌ನಲ್ಲೂ ಬರಲ್ಲ. ಸುಮಾರು 138 ಕಿ.ಮೀ. ದಾರಿ ಹಂತಹಂತವಾಗಿ ತೆರೆದು, 1882ರಲ್ಲಿ ರೈಲು ಮೈಸೂರು ಮುಟ್ಟಿತು.

1881ರ ಅಕ್ಟೋಬರ್ 7ರಂದು, ದಸರೆ ಹೊತ್ತಿಗೆ, ರೈತರು, ವ್ಯಾಪಾರಿಗಳು ಸೇರಿ 144 ಜನರನ್ನು ಮೈಸೂರಿಗೆ ಕರೆಸಿ ಸರ್ಕಾರದ ಆದಾಯ, ಖರ್ಚು, ಯೋಜನೆ ವಿವರಿಸಿದರು. ಎಲ್ಲರೂ ನಾಮಕರಣಗೊಂಡವರು, ಉಳ್ಳವರು. ಹೆಂಗಸರಿಲ್ಲ. ಮತ ಹಾಕಿ ಏನನ್ನೂ ತಡೆಯುವ ಅಧಿಕಾರವೂ ಇಲ್ಲ. ಆದರೂ ತೆರಿಗೆ ಕಟ್ಟುವವರ ಎದುರು ಒಬ್ಬ ದಿವಾನ ಲೆಕ್ಕ ಒಪ್ಪಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

1883ರ ಜನವರಿಯಲ್ಲಿ, ದಿವಾನಗಿರಿಗೆ ಎರಡು ವರ್ಷ ತುಂಬುವ ಮೊದಲೇ, ಮದ್ರಾಸಿನಲ್ಲಿ ತೀರಿಕೊಂಡರು. ತುಮಕೂರು ದಾಟಿ ಗುಬ್ಬಿವರೆಗೆ ರೈಲು ಓಡಿದ್ದು 1884ರಲ್ಲಿ. ಹಳಿ ಮುಂದುವರಿಸಲು ಹಣ ಸಾಲದೆ, ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಲಾಯಿತು. ಬೆಂಗಳೂರು–ಮೈಸೂರು ಮಾರ್ಗದ ನಿರ್ವಹಣೆ ಸಂಸ್ಥಾನಕ್ಕೆ ವಾಪಸ್ ಬಂದದ್ದು 1919ರಲ್ಲಿ.