ಮುರಿದ ಹಲ್ಲನ್ನೂ ಉಳಿಸಬಹುದೆಂದು ಕಲಿಸಿದ ಡಾ. ರಫಿಯುದ್ದೀನ್ ಅಹ್ಮದ್

ಹೊಸಪೇಟೆ: ಹಂಪಿಯ ಹೇಮಕೂಟದ ಇಳಿಜಾರಿನಲ್ಲಿ ಕಡಲೆಕಾಳು ಗಣೇಶನಿದ್ದಾನೆ. ಅನತಿ ದೂರದಲ್ಲಿ ಸಾಸಿವೆಕಾಳು ಗಣೇಶ. ಏಕದಂತನೆಂಬ ಹೆಸರು ಪಡೆದ ದೇವರಿಗೆ ದಂತವೊಂದು ಮುರಿದಿರುವುದೇ ಶೋಭೆ. ಮನುಷ್ಯನ ಪಾಡು ಹಾಗಲ್ಲ. ಇದೇ ಬಂಡೆಗಳ ಮೇಲೆ ಜಾರಿ ಬಿದ್ದು ಮುಂಬಲ್ಲು ಮುರಿದುಕೊಂಡ ಪ್ರವಾಸಿ, ಕಂಪ್ಲಿಯ ಕಬ್ಬನ್ನು ಸಿಗಿಯಲು ಹೋಗಿ ದವಡೆಹಲ್ಲು ಸೀಳಿಕೊಂಡ ಹಿರಿಯ, ಸಂಡೂರಿನ ರಸ್ತೆಯಲ್ಲಿ ಬೈಕಿನಿಂದ ಉರುಳಿದ ಯುವಕ, ಇವರೆಲ್ಲರೂ ಬಾಯಿಗೆ ಕರವಸ್ತ್ರ ಒತ್ತಿಕೊಂಡು ದಂತ ವೈದ್ಯರ ಬಾಗಿಲು ತಟ್ಟಬೇಕಾಗುತ್ತದೆ. ಇಂದು ಹಲವು ಸಂದರ್ಭಗಳಲ್ಲಿ ಒಂದೇ ಭೇಟಿಯಲ್ಲಿ ಮುರಿದ ಹಲ್ಲು ಮೊದಲಿನ ರೂಪಕ್ಕೆ ಮರಳುತ್ತದೆ.

ನೂರು ವರ್ಷಗಳ ಹಿಂದೆ ಈ ಸೌಲಭ್ಯ ನಮ್ಮ ನಾಡಿನ ಸಾಮಾನ್ಯ ಜನರಿಗೆ ಕನಸಾಗಿತ್ತು. ಹಲ್ಲು ನೋವೆಂದರೆ ಲವಂಗದ ಎಣ್ಣೆ, ಅದೂ ಸಾಲದಿದ್ದರೆ ಇಕ್ಕಳ. ಸಂತೆ, ಜಾತ್ರೆಗಳಲ್ಲಿ ಬಟ್ಟೆ ಹಾಸಿ, ಕಿತ್ತ ಹಲ್ಲುಗಳ ರಾಶಿಯನ್ನೇ ಪ್ರಮಾಣಪತ್ರವಾಗಿ ಮುಂದಿಟ್ಟುಕೊಂಡು ಕುಳಿತವನೇ ಬಡವರ ಪಾಲಿನ ದಂತ ವೈದ್ಯ. ಹಲ್ಲನ್ನು ಕೀಳುವುದು ಚಿಕಿತ್ಸೆಯ ಕೊನೆಯ ದಾರಿ, ಉಳಿಸುವುದೇ ಮೊದಲ ದಾರಿ ಎಂಬುದನ್ನು ಕ್ರಮಬದ್ಧವಾಗಿ ಕಲಿಸುವ ಶಾಲೆಯೊಂದನ್ನು ಈ ದೇಶದಲ್ಲಿ ಕಟ್ಟಿದವರು ಡಾ. ರಫಿಯುದ್ದೀನ್ ಅಹ್ಮದ್. ಭಾರತೀಯ ದಂತ ವೈದ್ಯಕೀಯದ ಪಿತಾಮಹರೆಂದೇ ಅವರು ವೃತ್ತಿಬಾಂಧವರಲ್ಲಿ ಪ್ರಸಿದ್ಧರು. ಅವರ ಜನ್ಮದಿನವಾದ ಡಿಸೆಂಬರ್ 24 ದೇಶದಲ್ಲಿ ದಂತ ವೈದ್ಯರ ದಿನವಾಗಿ ಆಚರಣೆಗೊಳ್ಳುತ್ತದೆ.

ಢಾಕಾದಿಂದ ಅಯೋವಾಕ್ಕೆ

ರಫಿಯುದ್ದೀನ್ ಅಹ್ಮದ್ ಜನಿಸಿದ್ದು 1890ರ ಡಿಸೆಂಬರ್ 24ರಂದು, ಅಂದಿನ ಪೂರ್ವ ಬಂಗಾಳದಲ್ಲಿ. ಢಾಕಾದಲ್ಲಿ ಆರಂಭಿಕ ಶಿಕ್ಷಣ, ಅನಂತರ ಅಲಿಗಢದಲ್ಲಿ ವ್ಯಾಸಂಗ. ಆ ಕಾಲದಲ್ಲಿ ವಿದೇಶಕ್ಕೆ ಓದಲು ಹೊರಟ ಭಾರತೀಯ ಯುವಕರು ಸಾಮಾನ್ಯವಾಗಿ ಹಿಡಿಯುತ್ತಿದ್ದುದು ಲಂಡನ್ನಿನ ಹಡಗನ್ನು. ಕಾನೂನು ಇಲ್ಲವೇ ಆಡಳಿತ ಸೇವೆಯ ಪರೀಕ್ಷೆ ಅವರ ಗುರಿ. ಅಹ್ಮದ್ ಹೊರಟಿದ್ದು ಅಮೆರಿಕದತ್ತ, 1909ರಲ್ಲಿ. ಆಯ್ದುಕೊಂಡಿದ್ದು ಸ್ವದೇಶದಲ್ಲಿ ಇನ್ನೂ ಗೌರವದ ವೃತ್ತಿಯೆನಿಸದಿದ್ದ ದಂತ ವೈದ್ಯವನ್ನು.

ಅಯೋವಾ ವಿಶ್ವವಿದ್ಯಾಲಯದಿಂದ 1915ರಲ್ಲಿ ಅವರು ದಂತ ವೈದ್ಯ ಪದವಿ ಪಡೆದರು. ಆ ಹೊತ್ತಿಗೆ ಅಮೆರಿಕದಲ್ಲಿ ಈ ಶಾಸ್ತ್ರ ಹೊಸ ಹುರುಪಿನಲ್ಲಿತ್ತು. ಜಿ.ವಿ. ಬ್ಲ್ಯಾಕ್ ಎಂಬ ಮಹನೀಯರು ಹುಳುಕನ್ನು ಹೇಗೆ ಕೊರೆದು ತೆಗೆಯಬೇಕು, ಕುಳಿಗೆ ಯಾವ ಆಕಾರ ಕೊಟ್ಟರೆ ತುಂಬಿದ ಲೋಹ ನಿಲ್ಲುತ್ತದೆ, ಪಾದರಸ ಮಿಶ್ರಲೋಹದ ಪಾಕ ಹೇಗಿರಬೇಕು ಎಂಬುದಕ್ಕೆಲ್ಲ ಶಾಸ್ತ್ರೀಯ ನಿಯಮಗಳನ್ನು ರೂಪಿಸಿದ್ದರು. ಮುರಿದ ದವಡೆಹಲ್ಲಿಗೆ ಚಿನ್ನದ ಕವಚ, ಮುಂಬಲ್ಲಿಗೆ ಪಿಂಗಾಣಿಯ ಕವಚ, ಸಣ್ಣ ಚಕ್ಕೆ ಹಾರಿದ್ದರೆ ಸಿಲಿಕೇಟ್ ಸಿಮೆಂಟು, ಇವು ಅಂದಿನ ಸಾಧನಗಳು. ಎಲ್ಲವೂ ಕೈಚಳಕ ಬೇಡುವ, ತಾಳ್ಮೆ ಬೇಡುವ ಕೆಲಸಗಳು.

ಪದವಿಯ ನಂತರ ಅವರು ಬಾಸ್ಟನ್ನಿನ ಫಾರ್ಸೈತ್ ದಂತ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿದರು. ನಗರದ ಬಡ ಮಕ್ಕಳಿಗೆಂದೇ 1914ರಲ್ಲಿ ತೆರೆದಿದ್ದ ಸಂಸ್ಥೆಯದು. ಹಲ್ಲಿನ ಚಿಕಿತ್ಸೆ ಸಿರಿವಂತರ ಸೌಂದರ್ಯ ಸಾಧನವಲ್ಲ, ಬಡಮಗುವಿನ ಹಕ್ಕು ಎಂಬ ನಿಲುವು ಅಲ್ಲಿ ಕಾರ್ಯರೂಪದಲ್ಲಿತ್ತು. ಮೊದಲ ಮಹಾಯುದ್ಧದ ವರ್ಷಗಳನ್ನು ಅಲ್ಲಿ ಕಳೆದ ಅವರು 1919ರಲ್ಲಿ ಸ್ವದೇಶಕ್ಕೆ ಮರಳಿದರು.

ಐಸ್‌ಕ್ರೀಂ ಮಾರಿ ಕಾಲೇಜು ಕಟ್ಟಿದರು

ಕಲ್ಕತ್ತೆಯಲ್ಲಿ ಚಿಕಿತ್ಸಾಲಯ ತೆರೆದು ಸುಖವಾಗಿ ಸಂಪಾದಿಸುವ ಅವಕಾಶ ಅವರಿಗಿತ್ತು. ಆದರೆ ಒಬ್ಬ ವೈದ್ಯ ದಿನಕ್ಕೆ ಎಷ್ಟು ಬಾಯಿ ನೋಡಿಯಾನು? 1920ರಲ್ಲಿ ಅವರು ಕಲ್ಕತ್ತೆಯಲ್ಲಿ ದಂತ ವೈದ್ಯಕೀಯ ಕಾಲೇಜೊಂದನ್ನು ಸ್ಥಾಪಿಸಿದರು. ಭಾರತದ ಪ್ರಥಮ ದಂತ ವೈದ್ಯ ಕಾಲೇಜು ಅದೇ.

ಕಾಲೇಜಿಗೆ ಹಣ ಒದಗಿದ ಬಗೆ ಮಾತ್ರ ವಿಚಿತ್ರವಾದುದು. ಅಹ್ಮದ್ ಅವರು ಅಮೆರಿಕದಲ್ಲಿ ಕಂಡಿದ್ದ ಮಾದರಿಯಲ್ಲಿ ನ್ಯೂಯಾರ್ಕ್ ಸೋಡಾ ಫೌಂಟೇನ್ ಎಂಬ ತಂಪು ಪಾನೀಯದ ಅಂಗಡಿಯನ್ನು ಕಲ್ಕತ್ತೆಯಲ್ಲಿ ನಡೆಸಿದರು. ಐಸ್‌ಕ್ರೀಂ, ಸೋಡಾಗಳ ಲಾಭ ಹಲ್ಲಿನ ಕಾಲೇಜಿಗೆ ಹೋಯಿತು. ಹಲ್ಲಿನ ಶತ್ರುವಾದ ಸಕ್ಕರೆಯಿಂದಲೇ ಹಲ್ಲನ್ನು ಉಳಿಸುವ ವಿದ್ಯೆಗೆ ಬಂಡವಾಳ ಬಂದಿತೆಂದು ನಗುವವರು ನಗಬಹುದು. ಆದರೆ ಸರಕಾರದ ನೆರವಿಗೆ ಕಾದು ಕೂರದೆ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ವಿದ್ಯಾಸಂಸ್ಥೆ ಕಟ್ಟುವುದಕ್ಕೆ ಎದೆಗಾರಿಕೆ ಬೇಕು.

ಆರಂಭದ ವರ್ಷಗಳಲ್ಲಿ ವಿದ್ಯಾರ್ಥಿಗಳೂ ಬೆರಳೆಣಿಕೆಯಷ್ಟೇ. ಅಲ್ಪಾವಧಿಯಾಗಿದ್ದ ಶಿಕ್ಷಣಕ್ರಮ ಹಂತಹಂತವಾಗಿ ಬೆಳೆದು 4 ವರ್ಷಗಳ ಪೂರ್ಣ ವ್ಯಾಸಂಗವಾಯಿತು. ಮಹಮ್ಮದ್ ಅಲಿ ಜಿನ್ನಾ ಅವರ ಸೋದರಿ ಫಾತಿಮಾ ಜಿನ್ನಾ ದಂತ ವೈದ್ಯ ಕಲಿತದ್ದು ಇದೇ ಕಾಲೇಜಿನಲ್ಲಿ. 1923ರಲ್ಲಿ ಅವರು ಮುಂಬಯಿಯಲ್ಲಿ ಚಿಕಿತ್ಸಾಲಯ ತೆರೆದರು. ಹೆಣ್ಣುಮಕ್ಕಳು ಮನೆಯ ಹೊಸಿಲು ದಾಟುವುದೇ ದುಸ್ತರವಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಪುಸ್ತಕ, ಪತ್ರಿಕೆ, ಕಾಯ್ದೆ

ಕಾಲೇಜು ಇದ್ದರೆ ಸಾಲದು, ಓದಲು ಪುಸ್ತಕ ಬೇಕು, ಚರ್ಚಿಸಲು ಪತ್ರಿಕೆ ಬೇಕು, ವೃತ್ತಿಗೆ ಸಂಘಟನೆ ಬೇಕು. ಅಹ್ಮದ್ ಮೂರನ್ನೂ ಕೈಗೆತ್ತಿಕೊಂಡರು. 1925ರಲ್ಲಿ ಇಂಡಿಯನ್ ಡೆಂಟಲ್ ಜರ್ನಲ್ ಆರಂಭಿಸಿ ಎರಡು ದಶಕಗಳ ಕಾಲ ಸಂಪಾದಕರಾಗಿ ನಡೆಸಿದರು. ಬಂಗಾಳದ ದಂತ ವೈದ್ಯರ ಸಂಘವನ್ನು ಕಟ್ಟಿದರು. ಅದೇ ಮುಂದೆ ಅಖಿಲ ಭಾರತ ಸಂಘಟನೆಗೆ ಬುನಾದಿಯಾಯಿತು.

1928ರಲ್ಲಿ ಅವರು ವಿದ್ಯಾರ್ಥಿಗಳಿಗಾಗಿ ಕೈಪಿಡಿಯೊಂದನ್ನು ಪ್ರಕಟಿಸಿದರು. ಅದರ ವಿಷಯ ಆಪರೇಟಿವ್ ಡೆಂಟಿಸ್ಟ್ರಿ, ಅಂದರೆ ಹುಳುಕಾದ, ಸೀಳಿದ, ಮುರಿದ ಹಲ್ಲನ್ನು ಕೀಳದೆ ದುರಸ್ತಿ ಮಾಡುವ ವಿದ್ಯೆ. ಕೃತಕ ದಂತಪಂಕ್ತಿಯ ಬಗೆಗಾಗಲೀ, ಹಲ್ಲು ಕೀಳುವ ಬಗೆಗಾಗಲೀ ಬರೆಯದೆ ಅವರು ದುರಸ್ತಿಯನ್ನೇ ಆರಿಸಿಕೊಂಡರು. ಇಕ್ಕಳವೇ ದಂತ ವೈದ್ಯದ ಸಂಕೇತವಾಗಿದ್ದ ದೇಶದಲ್ಲಿ ಈ ಆಯ್ಕೆಗೆ ವಿಶೇಷ ಅರ್ಥವಿದೆ.

ಇನ್ನು ಉಳಿದದ್ದು ಕಾನೂನಿನ ಮಾತು. ಯಾರು ಬೇಕಾದರೂ ದಂತ ವೈದ್ಯನೆಂದು ಫಲಕ ತೂಗುಹಾಕಬಹುದಾಗಿದ್ದ ಸ್ಥಿತಿಗೆ ಕಡಿವಾಣ ಹಾಕಲು ಅವರು ಶ್ರಮಿಸಿದರು. ಅದರ ಫಲವಾಗಿ 1939ರಲ್ಲಿ ಬಂಗಾಳ ದಂತ ವೈದ್ಯರ ಕಾಯ್ದೆ ಬಂದಿತು. ಆದರೆ ಅದು ಬಂಗಾಳಕ್ಕೆ ಸೀಮಿತ. ಆಗ ಹೊಸಪೇಟೆ, ಹಂಪಿ, ಕಂಪ್ಲಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. ಬಂಗಾಳದ ಕಾಯ್ದೆಯ ರಕ್ಷಣೆ ಇಲ್ಲಿಯವರೆಗೆ ತಲಪುವಂತಿರಲಿಲ್ಲ.

ಸ್ವಾತಂತ್ರ್ಯಾನಂತರ 1948ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ದಂತ ವೈದ್ಯರ ಕಾಯ್ದೆ ಜಾರಿಗೆ ಬಂದಿತು. ನೋಂದಣಿ ಪುಸ್ತಕದಲ್ಲಿ ಎರಡು ಭಾಗಗಳಾದವು. ಮಾನ್ಯತೆ ಪಡೆದ ಪದವೀಧರರಿಗೆ ಒಂದು. ಪದವಿಯಿಲ್ಲದೆಯೂ ಅದನ್ನೇ ಮುಖ್ಯ ಜೀವನೋಪಾಯವಾಗಿ ಕನಿಷ್ಠ 5 ವರ್ಷ ನಡೆಸಿಕೊಂಡು ಬಂದವರಿಗೆ ಇನ್ನೊಂದು. ಇದ್ದವರ ಅನ್ನ ಕಿತ್ತುಕೊಳ್ಳದೆ ಮುಂದಿನ ಪೀಳಿಗೆಗೆ ಶಿಕ್ಷಣ ಕಡ್ಡಾಯಗೊಳಿಸಿದ ಜಾಣ್ಮೆಯ ಏರ್ಪಾಡದು. 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗದ ಕಾಯ್ದೆಯನ್ನು ಅಂಗೀಕರಿಸುವವರೆಗೂ ಈ ವೃತ್ತಿಯನ್ನು ಆಳಿದ್ದು 1948ರ ಕಾಯ್ದೆಯೇ.

ಕೊಟ್ಟು ಉಳಿದ ದಾನಿ

1947ರಲ್ಲಿ ದೇಶ ಇಬ್ಭಾಗವಾಯಿತು. ಅಹ್ಮದ್ ಹುಟ್ಟಿದ ಊರು ಪೂರ್ವ ಪಾಕಿಸ್ತಾನದ ಪಾಲಾಯಿತು. ಅವರ ಶಿಷ್ಯೆ ಫಾತಿಮಾ ಜಿನ್ನಾ ಆ ಹೊಸ ದೇಶದ ಪ್ರಮುಖರಲ್ಲಿ ಒಬ್ಬರಾದರು. ಅಹ್ಮದ್ ಮಾತ್ರ ತಾವು ಕಟ್ಟಿದ ಕಾಲೇಜಿದ್ದ ಕಲ್ಕತ್ತೆಯಲ್ಲಿಯೇ ಉಳಿದರು. 1949ರಲ್ಲಿ ಆ ಕಾಲೇಜನ್ನು ಪಶ್ಚಿಮ ಬಂಗಾಳ ಸರಕಾರಕ್ಕೆ ದಾನವಾಗಿ ಒಪ್ಪಿಸಿದರು. ಮೂರು ದಶಕಗಳ ದುಡಿಮೆಯ ಫಲವನ್ನು ಹೀಗೆ ಸಾರ್ವಜನಿಕರ ಸ್ವತ್ತಾಗಿಸಿದ್ದು ಅವರ ಬದುಕಿನ ಬಹುದೊಡ್ಡ ನಿರ್ಧಾರ.

ಕಲ್ಕತ್ತ ನಗರಸಭೆಯಲ್ಲಿ 1930ರ ದಶಕದಿಂದಲೇ ಸಾರ್ವಜನಿಕ ಸೇವೆ ಸಲ್ಲಿಸಿದ್ದ ಅವರು, ಸ್ವತಃ ವೈದ್ಯರಾಗಿದ್ದ ಮುಖ್ಯಮಂತ್ರಿ ಡಾ. ಬಿ.ಸಿ. ರಾಯ್ ಅವರ ಸಚಿವ ಸಂಪುಟವನ್ನು ಸೇರಿದರು. ಕೃಷಿ, ಸಹಕಾರ, ಪರಿಹಾರ ಮತ್ತು ಪುನರ್ವಸತಿಯಂತಹ ಖಾತೆಗಳು ಅವರ ಪಾಲಿಗೆ ಬಂದವು. ತಮ್ಮ ಹುಟ್ಟೂರಿನ ಕಡೆಯಿಂದಲೇ ನಿರಾಶ್ರಿತರ ಪ್ರವಾಹ ಹರಿದುಬರುತ್ತಿದ್ದ ಕಾಲವದು. 1964ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಭೂಷಣ ನೀಡಿ ಗೌರವಿಸಿತು. 1965ರ ಫೆಬ್ರವರಿಯಲ್ಲಿ ಅವರು ನಿಧನರಾದರು. ಕಾಲೇಜು ಇಂದಿಗೂ ಡಾ. ಆರ್. ಅಹ್ಮದ್ ದಂತ ವೈದ್ಯ ಕಾಲೇಜು ಎಂಬ ಹೆಸರಿನಲ್ಲಿ ಕೋಲ್ಕತ್ತದಲ್ಲಿ ನಡೆಯುತ್ತಿದೆ.

ತುಂಗಭದ್ರೆಯ ದಡಕ್ಕೆ ಬಂದ ವಿದ್ಯೆ

ಕಲ್ಕತ್ತೆಯಲ್ಲಿ ನೆಟ್ಟ ಸಸಿಯ ನೆರಳು ಕನ್ನಡ ನಾಡಿಗೆ ಚಾಚಲು ಸಮಯ ಹಿಡಿಯಿತು. ಬೆಂಗಳೂರಿನಲ್ಲಿ ಸರಕಾರಿ ದಂತ ವೈದ್ಯ ಕಾಲೇಜು ಆರಂಭವಾದದ್ದು 1958ರಲ್ಲಿ. ಅಹ್ಮದ್ ನಿಧನರಾದ ವರ್ಷವೇ, 1965ರಲ್ಲಿ, ಮಣಿಪಾಲದ ಕಾಲೇಜು ತೆರೆಯಿತು. 1979ರಲ್ಲಿ ದಾವಣಗೆರೆಯ ಬಾಪೂಜಿ ಕಾಲೇಜು ಬಂದಿತು. ಈಗ ಬಳ್ಳಾರಿಯಲ್ಲಿಯೂ ಸರಕಾರಿ ದಂತ ವೈದ್ಯ ಕಾಲೇಜಿದೆ. ಹಲ್ಲು ಮುರಿದವರು ರಾತ್ರಿಯ ಬಸ್ಸು ಹಿಡಿದು ದೂರದ ನಗರಗಳಿಗೆ ಓಡಬೇಕಾದ ಕಾಲ ಹಿಂದಾಗಿದೆ.

ವಿದ್ಯೆಯೂ ಬದಲಾಗಿದೆ. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯುವೊನೊಕೋರ್ ಹೊಸ ದಾರಿಯೊಂದನ್ನು ತೋರಿದರು. ಹಲ್ಲಿನ ಹೊರಪದರಕ್ಕೆ ಫಾಸ್ಫಾರಿಕ್ ಆಮ್ಲವನ್ನು ಕೆಲವು ಕ್ಷಣ ಹಚ್ಚಿ ತೊಳೆದರೆ ಮೇಲ್ಮೈ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ತರಿತರಿಯಾಗುತ್ತದೆ. ಆ ಸಂದುಗಳಲ್ಲಿ ರಾಳ ಇಳಿದು ಗಟ್ಟಿಯಾಗಿ ಹಿಡಿಯುತ್ತದೆ. ಲೋಹಕ್ಕೆ ಬಣ್ಣ ಹತ್ತಲೆಂದು ಕಾರ್ಖಾನೆಗಳಲ್ಲಿ ಅನುಸರಿಸುತ್ತಿದ್ದ ಕ್ರಮವೇ ಇದಕ್ಕೆ ಪ್ರೇರಣೆ. 1962ರಲ್ಲಿ ರಫೆಲ್ ಬೋವೆನ್ ಹಲ್ಲಿನ ಬಣ್ಣಕ್ಕೆ ಹೊಂದುವ ಬಲವಾದ ರಾಳವನ್ನು ರೂಪಿಸಿದರು. ನೀಲಿ ಬೆಳಕು ಹಾಯಿಸಿ ಗಟ್ಟಿಗೊಳಿಸುವ ಇಂದಿನ ಚಿಕಿತ್ಸೆಗೆ ಇವೇ ಅಡಿಪಾಯ. ಹಿಂದೆ ತುಂಬಿದ ಲೋಹ ನಿಲ್ಲಲೆಂದು ಆರೋಗ್ಯವಂತ ಹಲ್ಲನ್ನೂ ಕೊರೆಯಬೇಕಾಗಿತ್ತು. ಈಗ ಅದರ ಅಗತ್ಯ ಬಹಳ ಕಡಿಮೆಯಾಗಿದೆ. ಹಂಪಿಯ ಉಗ್ರ ನರಸಿಂಹನನ್ನು ಜೀರ್ಣೋದ್ಧಾರ ಮಾಡಿದವರು ಮುರಿದ ಕೈಗಳನ್ನೆಲ್ಲ ಹೊಸದಾಗಿ ಕೆತ್ತಿ ಕೂರಿಸಲಿಲ್ಲ, ಉಳಿದುದನ್ನು ಭದ್ರಪಡಿಸಿದರು. ಒಳ್ಳೆಯ ದಂತ ವೈದ್ಯನ ನೀತಿಯೂ ಅದೇ: ಇದ್ದುದನ್ನು ಮೊದಲು ಉಳಿಸು.

ಆದರೆ ವಿದ್ಯೆ ಬಂದರೆ ಸಾಲದು, ತಿಳಿವಳಿಕೆಯೂ ಬರಬೇಕು. ಮಗು ಬಿದ್ದು ಹಲ್ಲಿನ ಚೂರು ಮುರಿದರೆ ಅದನ್ನು ಎಸೆಯದೆ ಹಾಲಿನಲ್ಲೋ ನೀರಿನಲ್ಲೋ ಹಾಕಿ ವೈದ್ಯರಿಗೆ ಒಯ್ಯಬೇಕು. ಎಷ್ಟೋ ಸಲ ಆ ಚೂರನ್ನೇ ಮತ್ತೆ ಅಂಟಿಸಬಹುದು. ಶಾಶ್ವತ ಹಲ್ಲು ಬೇರುಸಹಿತ ಕಳಚಿ ಬಂದರೆ ಬೇರನ್ನು ಉಜ್ಜದೆ, ಹಾಲಿನಲ್ಲಿಟ್ಟು, ಒಂದು ಗಂಟೆಯೊಳಗೆ, ಸಾಧ್ಯವಾದರೆ ಅರ್ಧ ಗಂಟೆಯೊಳಗೆ ವೈದ್ಯರನ್ನು ಕಾಣಬೇಕು. ಹಾಲುಹಲ್ಲನ್ನು ಮಾತ್ರ ಮತ್ತೆ ಕೂರಿಸುವುದಿಲ್ಲ. ಬಳ್ಳಾರಿ ಸೀಮೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳ ಹಲ್ಲು ಕಂದುಗಟ್ಟಿ, ತೀವ್ರವಾದರೆ ಕುಳಿಬಿದ್ದು ಚಕ್ಕೆಯೇಳುತ್ತದೆ. ಬಂದ ಕಲೆಯನ್ನು ರಾಳದಿಂದ ಮುಚ್ಚಬಹುದು. ಬಾರದಂತೆ ತಡೆಯಲು ಶುದ್ಧ ನೀರೊಂದೇ ದಾರಿ.

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲವೆಂದು ನಮ್ಮ ಹಿರಿಯರು ವಿಧಿಯನ್ನು ಹಳಿದರು. ಹಲ್ಲು ಕಳೆದುಕೊಳ್ಳುವುದು ವಿಧಿಯಲ್ಲ, ಬಹುಪಾಲು ನಮ್ಮ ಅಲಕ್ಷ್ಯ ಮತ್ತು ವೈದ್ಯರ ಅಭಾವ ಎಂದು ಬಗೆದು ಅದನ್ನು ನೀಗಲು ಜೀವ ತೇಯ್ದವರು ರಫಿಯುದ್ದೀನ್ ಅಹ್ಮದ್. ಹೊಸಪೇಟೆಯ ಚಿಕಿತ್ಸಾಲಯದ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತವರಿಗೆ ಅವರ ಹೆಸರು ತಿಳಿದಿರಲಾರದು. ಎದುರು ನಿಂತು ಇಕ್ಕಳವನ್ನು ಬದಿಗಿಟ್ಟು ಹಲ್ಲನ್ನು ಉಳಿಸಲು ಯೋಚಿಸುವ ವೈದ್ಯರು ನಡೆಯುತ್ತಿರುವುದು ಮಾತ್ರ ಅವರು ಹಾಕಿಕೊಟ್ಟ ದಾರಿಯಲ್ಲಿಯೇ.