ರಾಜರ್ಷಿ ಶಾಹೂ ಛತ್ರಪತಿಗಳು

ಕನ್ನಡ ಮರಾಠಿ ನುಡಿಗಳೆರಡೂ ಒಂದರೊಡನೊಂದು ಬೆರೆತು ಬಾಳುವ ಸೀಮೆಯಲ್ಲಿ ಕೊಲ್ಲಾಪುರದ ಸಂಸ್ಥಾನವಿತ್ತು. ಅದನ್ನು 1894ರಿಂದ 1922ರವರೆಗೆ ಆಳಿದ ಶಾಹೂ ಛತ್ರಪತಿ ಮಹಾರಾಜರ ಜೀವಿತವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಉದ್ದೇಶಿಸಿದೆ. ಕಾಲೇಜುಗಳ ಪ್ರವೇಶದಲ್ಲಿಯೂ ಸರ್ಕಾರದ ನೌಕರಿಯಲ್ಲಿಯೂ ಹಿಂದುಳಿದವರಿಗೆ ಪಾಲನ್ನು ಮೀಸಲಿಡುವುದು ನ್ಯಾಯವೋ ಅನ್ಯಾಯವೋ ಎಂಬ ವಾದವು ನಮ್ಮ ದೇಶದಲ್ಲಿ ಇಂದಿಗೂ ಶಮನವಾಗಿಲ್ಲ. ಆ ವಾದದ ಎರಡು ಪಕ್ಷಗಳನ್ನೂ ಬಲ್ಲವರು ಈ ಮಹಾರಾಜರ ಚರಿತ್ರವನ್ನು ಅರಿತಿರುವುದು ಒಳ್ಳೆಯದು.

ಇವರು 1874ನೆಯ ಇಸವಿ ಜೂನ್ 26ರಂದು ಕಾಗಲದ ಘಾಟಗೆ ಮನೆತನದಲ್ಲಿ ಜನಿಸಿದರು. ಯಶವಂತರಾವ್ ಎಂಬುದು ಹುಟ್ಟು ಹೆಸರು. ಕೊಲ್ಲಾಪುರದ ಗಾದಿಗೆ ಔರಸ ಸಂತಾನವಿಲ್ಲದಾದುದರಿಂದ 1884ರಲ್ಲಿ ರಾಣಿ ಆನಂದಿಬಾಯಿಯವರು ಇವರನ್ನು ದತ್ತು ಸ್ವೀಕರಿಸಿದರು. ಕೆಲವು ಕಾಲ ರಾಜಕೋಟೆಯ ರಾಜಕುಮಾರ ಕಾಲೇಜಿನಲ್ಲಿ ಕಲಿತು, ಬಳಿಕ ನಮ್ಮ ಧಾರವಾಡದಲ್ಲಿ ಫ್ರೇಜರ್ ಎಂಬ ಆಂಗ್ಲ ಅಧಿಕಾರಿಯ ಶಿಕ್ಷಣದಲ್ಲಿ ಇದ್ದರು. ಇದೇ ಫ್ರೇಜರ್ ಸಾಹೇಬರೇ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. 1894ನೆಯ ಏಪ್ರಿಲ್ 2ರಂದು ಇಪ್ಪತ್ತರ ಹರಯವೂ ತುಂಬದ ಶಾಹೂ ಮಹಾರಾಜರು ರಾಜ್ಯಾಧಿಕಾರವನ್ನು ವಹಿಸಿಕೊಂಡರು. ಆಜಾನುಬಾಹುಗಳು, ಕುಸ್ತಿಯ ಮೇಲೆ ಮಿತಿಮೀರಿದ ಪ್ರೀತಿಯುಳ್ಳವರು, ಬೇಟೆಯಲ್ಲಿ ನಿಪುಣರು. ಇಂಥವರು ಕಚೇರಿಯ ಕಾಗದಪತ್ರಗಳಲ್ಲಿ ಮನಸ್ಸಿಡುವರೆಂದು ಅಂದು ಯಾರೂ ಊಹಿಸಿರಲಾರರು.

ಆದರೆ ಅವರ ಕಣ್ಣಿಗೆ ಮೊದಲು ಬಿದ್ದುದು ಕಚೇರಿಯ ಸ್ಥಿತಿಯೇ. ಪಟ್ಟಕ್ಕೆ ಬಂದಾಗ ಆಡಳಿತದ 71 ಮುಖ್ಯ ಹುದ್ದೆಗಳಲ್ಲಿ 60 ಬ್ರಾಹ್ಮಣರ ವಶದಲ್ಲಿದ್ದುವು. ಸುಮಾರು 500 ಮಂದಿ ಗುಮಾಸ್ತರಲ್ಲಿ ಬ್ರಾಹ್ಮಣೇತರರು 10 ಜನ ಮಾತ್ರ. ಇದರಲ್ಲಿ ಯಾರೋ ಒಬ್ಬರ ಕುತಂತ್ರವನ್ನು ಕಾಣುವುದು ಸರಿಯಲ್ಲ. ಓದು ಬರಹ ಯಾರ ಮನೆಯಲ್ಲಿ ತಲೆತಲಾಂತರದಿಂದ ನೆಲಸಿತ್ತೋ ಅವರೇ ಹೊಸ ಆಂಗ್ಲ ವಿದ್ಯೆಯನ್ನೂ ಮೊದಲು ಕೈವಶಮಾಡಿಕೊಂಡರು. ಒಮ್ಮೆ ಕಚೇರಿಯೊಳಹೊಕ್ಕವರು ತಮ್ಮ ಬಂಧುಗಳಿಗೆ ದಾರಿ ತೋರಿದರು. ರೈತನ ಮಗನೊಬ್ಬನು ಹೇಗಾದರೂ ಕಲಿತನೆಂದೇ ಇಟ್ಟುಕೊಳ್ಳೋಣ, ಅವನಿಗಾಗಿ ಮಾತನಾಡುವವರು ಯಾರು? ನೌಕರಿ ದೊರೆಯದೆಂದು ಬಲ್ಲ ತಂದೆಯು ಮಗನನ್ನು ಶಾಲೆಗೆ ಕಳುಹದೆ ಹೊಲಕ್ಕೆ ಕಳುಹುತ್ತಿದ್ದನು. ಹೀಗೆ ವಿದ್ಯೆಯಿಲ್ಲವೆಂದು ನೌಕರಿಯಿಲ್ಲ, ನೌಕರಿಯಿಲ್ಲವೆಂದು ವಿದ್ಯೆಯಿಲ್ಲ ಎಂಬ ಚಕ್ರವು ತಿರುಗುತ್ತಲೇ ಇತ್ತು.

1899ರ ಸುಮಾರಿಗೆ ನಡೆದ ವೇದೋಕ್ತ ಪ್ರಕರಣವು ಮಹಾರಾಜರ ಮನಸ್ಸನ್ನು ಮತ್ತಷ್ಟು ಕಲಕಿತು. ಪಂಚಗಂಗೆಯ ಸ್ನಾನಕಾಲದಲ್ಲಿ ಪುರೋಹಿತನು ತಮಗೆ ವೇದಮಂತ್ರಗಳನ್ನಲ್ಲದೆ ಪುರಾಣೋಕ್ತ ಮಂತ್ರಗಳನ್ನು ಹೇಳುತ್ತಿದ್ದುದು ಅವರಿಗೆ ತಿಳಿದುಬಂದಿತು. ಛತ್ರಪತಿಗೂ ವೇದಾಧಿಕಾರವಿಲ್ಲವೆಂಬ ಈ ವಿವಾದವು ಪುಣೆಯ ಪತ್ರಿಕೆಗಳವರೆಗೂ ಹಬ್ಬಿ ವರ್ಷಗಟ್ಟಲೆ ನಡೆಯಿತು. ಮೀಸಲಾತಿಯ ಆಜ್ಞೆಯು ಈ ಅವಮಾನದ ಪ್ರತೀಕಾರವೆಂದು ಹೇಳುವವರು ಆಗಲೂ ಇದ್ದರು, ಅನಂತರವೂ ಇದ್ದಾರೆ. ಈ ಮಾತು ನಮಗೆ ಒಪ್ಪಿಗೆಯಾಗದು. ಭಾಸ್ಕರರಾವ್ ಜಾಧವರಂಥ ವಿದ್ಯಾವಂತ ಮರಾಠಾ ತರುಣರನ್ನು ಹುಡುಕಿ ಅಧಿಕಾರದಲ್ಲಿ ನಿಲ್ಲಿಸಿದುದು 1895ರಲ್ಲಿ, ಅಂದರೆ ಪ್ರಕರಣಕ್ಕೆ ಮೊದಲೇ. ಪ್ರಕರಣವು ಕಿಡಿಯನ್ನು ಊದಿತೆನ್ನಬಹುದು, ಕಿಡಿಯನ್ನು ಹಚ್ಚಿತೆನ್ನಲಾಗದು.

ಏಳನೆಯ ಎಡ್ವರ್ಡ್ ಚಕ್ರವರ್ತಿಗಳ ಪಟ್ಟಾಭಿಷೇಕಕ್ಕಾಗಿ ಮಹಾರಾಜರು ಇಂಗ್ಲೆಂಡಿನಲ್ಲಿದ್ದಾಗಲೇ, 1902ನೆಯ ಜುಲೈ 26ರಂದು, ಆ ಪ್ರಸಿದ್ಧ ಆಜ್ಞೆಯು ಸಂಸ್ಥಾನದ ಗೆಜೆಟಿನಲ್ಲಿ ಹೊರಬಿದ್ದಿತು. ಅದರ ತಾತ್ಪರ್ಯವನ್ನು ಸ್ವಲ್ಪ ವಿವರಿಸಬೇಕು. ಎಲ್ಲ ವರ್ಗದವರಿಗೂ ವಿದ್ಯೆಯನ್ನು ಹರಡಲು ಸರ್ಕಾರವು ಯತ್ನಿಸಿದರೂ ಹಿಂದುಳಿದವರಲ್ಲಿ ನಿರೀಕ್ಷಿತ ಫಲ ಕಾಣಲಿಲ್ಲ. ಉಚ್ಚ ಶಿಕ್ಷಣದ ಪ್ರತಿಫಲವು ಸಾಕಷ್ಟು ಜನರಿಗೆ ಹಂಚಿಕೆಯಾಗದಿರುವುದೇ ಇದಕ್ಕೆ ಕಾರಣ. ಆದುದರಿಂದ ಮುಂದೆ ತೆರವಾಗುವ ಹುದ್ದೆಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದ ವರ್ಗಗಳಿಗೆ ಕೊಡತಕ್ಕದ್ದು. ಬ್ರಾಹ್ಮಣ, ಪ್ರಭು, ಶೆಣವಿ, ಪಾರಸಿ ಮೊದಲಾದ ಮುಂದುವರಿದವರನ್ನು ಬಿಟ್ಟು ಉಳಿದವರೆಲ್ಲರೂ ಹಿಂದುಳಿದವರೆಂದು ಪರಿಗಣಿತರಾದರು. ಪ್ರತಿಯೊಂದು ಇಲಾಖೆಯ ಮುಖ್ಯಾಧಿಕಾರಿಯೂ ಮೂರು ತಿಂಗಳಿಗೊಮ್ಮೆ ತಾನು ಮಾಡಿದ ನೇಮಕಗಳ ತಃಖ್ತೆಯನ್ನು ಸಲ್ಲಿಸಬೇಕಾಗಿತ್ತು. ನಮ್ಮ ದೃಷ್ಟಿಯಲ್ಲಿ ಆಜ್ಞೆಯ ಪ್ರಾಣವಿರುವುದು ಈ ಕಡೆಯ ವಿಧಿಯಲ್ಲಿ. ಲೆಕ್ಕ ಕೇಳದ ರಾಜಾಜ್ಞೆಗಳು ಎಷ್ಟೋ ದಫ್ತರಗಳಲ್ಲಿ ಗೆದ್ದಲಿಗೆ ಆಹಾರವಾಗಿವೆ!

ವಿರೋಧವು ಸಣ್ಣದಾಗಿರಲಿಲ್ಲ. ಹುದ್ದೆಗೆ ಯೋಗ್ಯತೆಯೊಂದೇ ಮಾನದಂಡವಾಗಬೇಕು, ಜಾತಿಯನ್ನು ನೋಡಿ ಕೊಟ್ಟರೆ ಆಡಳಿತವು ಕೆಡುವುದು, ಮುಂದುವರಿದ ಜಾತಿಯ ಬಡವನು ಮಾಡಿದ ಅಪರಾಧವೇನು ಎಂಬಿವು ಅಂದಿನ ಆಕ್ಷೇಪಗಳು; ಇಂದಿನವೂ ಇವೇ. ಸಾಂಗಲಿಯ ವಕೀಲರಾದ ಅಭ್ಯಂಕರರು ಇದೇ ವಾದವನ್ನು ಮುಂದಿಟ್ಟಾಗ ಮಹಾರಾಜರು ಅವರನ್ನು ತಮ್ಮ ಕುದುರೆಯ ಲಾಯಕ್ಕೆ ಕರೆದೊಯ್ದರೆಂದು ಒಂದು ಐತಿಹ್ಯವಿದೆ. ಒಂದೊಂದು ಕುದುರೆಯ ಬಾಯಿಗೂ ಕಟ್ಟಿದ್ದ ಕಡಲೆಯ ಚೀಲಗಳನ್ನು ಬಿಚ್ಚಿಸಿ, ಕಡಲೆಯನ್ನೆಲ್ಲ ಒಂದೇ ಹಾಸಿನ ಮೇಲೆ ಸುರುವಿಸಿ, ಕುದುರೆಗಳನ್ನು ಬಿಡಿಸಿದರಂತೆ. ಕೊಬ್ಬಿದವು ನುಗ್ಗಿ ತಿಂದುವು. ಬಡಕಲು ಕುದುರೆಗಳೂ ಮರಿಗಳೂ ಒದೆತಕ್ಕೆ ಅಂಜಿ ದೂರ ನಿಂತುವು. ಕಥೆಯು ಚೆನ್ನಾಗಿದೆ, ಆದರೆ ಆಕ್ಷೇಪಕ್ಕೆ ಪೂರ್ಣವಾದ ಉತ್ತರವಲ್ಲ. ಕಡಲೆಯನ್ನು ತಿನ್ನುವುದು ಬೇರೆ, ಕಚೇರಿಯನ್ನು ನಡೆಸುವುದು ಬೇರೆ. ನಿಜವಾದ ಉತ್ತರವನ್ನು ಮಹಾರಾಜರು ಲಾಯದಲ್ಲಲ್ಲ, ವಿದ್ಯಾರ್ಥಿನಿಲಯಗಳಲ್ಲಿ ಕೊಟ್ಟರು.

ಹಳ್ಳಿಯ ಹುಡುಗನು ಪಟ್ಟಣಕ್ಕೆ ಬಂದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಒಂದು ಜಾತಿಯವನಿಗೆ ಇನ್ನೊಂದು ಜಾತಿಯವರ ಮನೆಯಲ್ಲಿ ಅನ್ನ ದೊರೆಯದ ಕಾಲವದು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳ ವಸತಿಗೃಹವು ಸ್ಥಾಪಿತವಾಯಿತು. ಜೈನರಿಗೆ, ಮುಸಲ್ಮಾನರಿಗೆ, ಲಿಂಗಾಯತರಿಗೆ, ಇತರ ಸಮಾಜಗಳಿಗೆ ಒಂದರ ಬಳಿಕ ಒಂದರಂತೆ ನಿಲಯಗಳೆದ್ದುವು. 1908ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ಒಂದು ಆಯಿತು. ಅನ್ನದಾಸೋಹವನ್ನು ವಿದ್ಯಾದಾಸೋಹಕ್ಕೆ ಜೋಡಿಸುವ ರೀತಿಯನ್ನು ನಮ್ಮ ಮಠಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾತಿಗೊಂದು ನಿಲಯವಾದುದರಿಂದ ಜಾತಿಭೇದವೇ ಬೆಳೆಯಿತೆಂಬ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಎಲ್ಲರೂ ಕೂಡಿ ಉಣ್ಣುವ ದಿನಕ್ಕಾಗಿ ಕಾದಿದ್ದರೆ ಮಾತ್ರ ಒಂದು ತಲೆಮಾರು ಓದದೆಯೇ ಕಳೆದುಹೋಗುತ್ತಿತ್ತು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವಾಗಿಯೂ ಕಡ್ಡಾಯವಾಗಿಯೂ ಮಾಡುವ ಶಾಸನವಾಯಿತು. ಮರುವರ್ಷ ವಂಶಪಾರಂಪರ್ಯದ ಕುಲಕರ್ಣಿ ವತನವನ್ನು ತೆಗೆದು ಸಂಬಳದ ತಲಾಠಿಗಳನ್ನು ನೇಮಿಸಿದರು. ಹುಟ್ಟಿನಿಂದ ಬರುವ ನೌಕರಿಯೂ ಒಂದು ಬಗೆಯ ಮೀಸಲೇ ಎಂಬುದನ್ನು ಯೋಗ್ಯತಾವಾದಿಗಳು ಎಷ್ಟೋ ಸಲ ಮರೆಯುತ್ತಾರೆ.

1912ರ ಹೊತ್ತಿಗೆ 95 ಮುಖ್ಯ ಹುದ್ದೆಗಳಲ್ಲಿ ಬ್ರಾಹ್ಮಣರು 35 ಮಂದಿಯಾದರು. ಹಿಂದುಳಿದವರೆಂಬ ಒಂದೇ ಹೆಸರಿನೊಳಗೆ ಬಲ್ಲಿದರೂ ಬಡವರೂ ಕೂಡಿದ್ದುದು ಆಜ್ಞೆಯ ಕೊರತೆ: ಭೂಮಿಯುಳ್ಳ ಮರಾಠನಿಗೂ ಊರ ಹೊರಗಿನ ಮಹಾರನಿಗೂ ಒಂದೇ ಬಾಗಿಲು. ಮಹಾರಾಜರು ಇದನ್ನು ಕಂಡುಕೊಂಡರೆಂದೇ ತೋರುತ್ತದೆ. ಕಡೆಯ ವರ್ಷಗಳಲ್ಲಿ ಅಸ್ಪೃಶ್ಯರೆನಿಸಿದವರಿಗೆ ತಲಾಠಿಯ ಕೆಲಸವನ್ನೂ ವಕೀಲಿಯ ಸನದನ್ನೂ ಕೊಡಿಸಿದರು. ಗಂಗಾರಾಮ ಕಾಂಬಳೆಯ ಚಹದಂಗಡಿಯಲ್ಲಿ ತಾವೇ ಚಹ ಕುಡಿದರು. 1920ರ ಮಾರ್ಚ್‌ನಲ್ಲಿ ಮಾಣಗಾವಿಯ ಪರಿಷತ್ತಿಗೆ ಹೋಗಿ ತರುಣರಾದ ಅಂಬೇಡಕರರನ್ನು ಆ ಜನರ ನಾಯಕರೆಂದು ಸಾರಿದರು.

ಇತ್ತ ಮೈಸೂರಿನಲ್ಲಿ 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನವುಗಳಲ್ಲಿ ಮೂರರಲ್ಲೆರಡು ಪಾಲೂ ಹಿಂದುಳಿದವರಿಗೆ ಸಲ್ಲಬೇಕೆಂದು ಅದು ಸೂಚಿಸಿತು. ಈ ನೀತಿಯನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಅದೇ ವರ್ಷದ ಕೊನೆಗೆ ಅಧಿಕಾರವನ್ನು ಬಿಟ್ಟರು. ಒಬ್ಬನೇ ಗುರುವಿನ ಇಬ್ಬರು ಶಿಷ್ಯರು ಒಂದೇ ಹಾದಿಯನ್ನು ಹಿಡಿದುದು ಕೌತುಕವಲ್ಲವೆ? ಮೈಸೂರು ಸರ್ಕಾರವು ವೈದ್ಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಮೀಸಲಿಟ್ಟಾಗ, 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ತಳ್ಳಿಹಾಕಿ, ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆಯಿರಬೇಕೆಂದಿತು. ಅರವತ್ತು ವರ್ಷಗಳ ಹಿಂದೆ ಕೊಲ್ಲಾಪುರದಲ್ಲಿ ಬರೆದ ಅಂಕಿಯ ಸಮೀಪಕ್ಕೇ ವಾದವು ಬಂದು ನಿಂತಂತಾಯಿತು.

1919ರಲ್ಲಿ ಕಾನಪುರದ ಕುರ್ಮಿ ಸಮಾಜದವರು ಮಹಾರಾಜರಿಗೆ ರಾಜರ್ಷಿಯೆಂಬ ಬಿರುದನ್ನು ಅರ್ಪಿಸಿದರು. 1922ನೆಯ ಮೇ 6ರಂದು ಮುಂಬಯಿಯಲ್ಲಿ, ನಲವತ್ತೆಂಟು ತುಂಬುವ ಮೊದಲೇ, ಅವರು ಕಾಲಾಧೀನರಾದರು. ಪುತ್ರರಾದ ರಾಜಾರಾಮ ಮಹಾರಾಜರು ಪಟ್ಟವನ್ನೇರಿದರು. ಮಹಾರಾಜರ ಚರಿತ್ರವನ್ನು ಬರೆದ ಜೈನ ವಿದ್ವಾಂಸ ಅಣ್ಣಾಸಾಹೇಬ ಲಠ್ಠೆಯವರು ಮುಂದೆ ಅದೇ ಸಂಸ್ಥಾನದ ದಿವಾನರಾದರು.