ಪುಣೆಯಲ್ಲಿ ಪಡೆದ ಪದವಿ: ಸರ್ ಎಂ. ವಿಶ್ವೇಶ್ವರಯ್ಯನವರ ವಿದ್ಯಾರ್ಥಿದೆಸೆ ಮತ್ತು ಅದರ ಋಣ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ವಿಶ್ವವಿದ್ಯಾನಿಲಯ ಎಂದೊಡನೆ ಬಿಗಿಯಾಗಿ ಸುತ್ತಿದ ರುಮಾಲು, ಗುಂಡಿ ಹಾಕಿದ ಕೋಟು, ನೆಟ್ಟ ನೋಟದ ಆ ಮೂರ್ತಿ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಅವರ ಮಹತ್ಕಾರ್ಯಗಳನ್ನು ಕುರಿತು ಗ್ರಂಥಗಳೇ ರಚಿತವಾಗಿವೆ. ಆದರೆ ಆ ಕಾರ್ಯಗಳಿಗೆಲ್ಲ ಅಡಿಗಲ್ಲಾದ ಅವರ ವಿದ್ಯಾರ್ಥಿ ಜೀವನವನ್ನು, ವಿಶೇಷವಾಗಿ ಪುಣೆಯಲ್ಲಿ ಅವರು ನಡೆಸಿದ ಸಿವಿಲ್ ಇಂಜಿನಿಯರಿಂಗ್ ವ್ಯಾಸಂಗವನ್ನು, ನಾವು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತೇವೆ. ಒಬ್ಬ ಬಡ ವಿದ್ಯಾರ್ಥಿಯ ಪದವಿಗೆ ಯಾರು ಯಾರು ಹೆಗಲು ಕೊಟ್ಟರು, ಆ ಋಣವನ್ನು ಆತ ಹೇಗೆ ತೀರಿಸಿದ ಎಂಬುದು ವಿದ್ಯಾಸಂಸ್ಥೆಗಳನ್ನು ನಡೆಸುವವರೂ ಪೋಷಿಸುವವರೂ ಮನನ ಮಾಡಬೇಕಾದ ವಿಷಯವಾಗಿದೆ.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ, ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರು ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆಯಿತ್ತು, ಸಂಪತ್ತಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಓದು ಆರಂಭವಾಯಿತು. ಹುಡುಗ ಬೆಳೆದು ದೊಡ್ಡವನಾಗುವ ಮೊದಲೇ ತಂದೆ ತೀರಿಕೊಂಡರು. ಬಳಿಕ ಬೆಂಗಳೂರಿನಲ್ಲಿದ್ದ ಸೋದರಮಾವನವರ ಆಸರೆಯೇ ಗತಿಯಾಯಿತು.

ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದ ತರುಣನು ಒಬ್ಬ ಕೊಡವ ಅಧಿಕಾರಿಯ ಮನೆಯ ಮಕ್ಕಳಿಗೆ ಪಾಠ ಹೇಳಿ ತನ್ನ ಖರ್ಚನ್ನು ತಾನೇ ನಿಭಾಯಿಸಿಕೊಂಡನು. ಪಾಠ ಹೇಳುವ ಮನೆಯಲ್ಲಿ ವಸತಿ, ಮಾವನ ಮನೆಯಲ್ಲಿ ಊಟ, ಇವೆರಡರ ನಡುವೆ ಪ್ರತಿದಿನ ಕಾಲ್ನಡಿಗೆ. ಅಂದಿನ ಪ್ರಾಂಶುಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಅವರು ಈ ವಿದ್ಯಾರ್ಥಿಯ ಗಣಿತ ಪ್ರತಿಭೆಯನ್ನು ಗುರುತಿಸಿ ವಾತ್ಸಲ್ಯದಿಂದ ನಡೆಸಿಕೊಂಡರು. ಮೈಸೂರು ಸೀಮೆಯಲ್ಲಿ ಆಗ ವಿಶ್ವವಿದ್ಯಾನಿಲಯವಿರಲಿಲ್ಲ. ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. 1881ರಲ್ಲಿ ವಿಶ್ವೇಶ್ವರಯ್ಯನವರು ಅದರ ಬಿ.ಎ. ಪದವೀಧರರಾದರು.

ಆ ವರ್ಷ ಮೈಸೂರಿನ ಇತಿಹಾಸದಲ್ಲಿಯೂ ಮಹತ್ತ್ವದ್ದು. ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ಅನಂತರ, 1881ರ ಮಾರ್ಚ್ ತಿಂಗಳಲ್ಲಿ ರಾಜ್ಯವು ಮರಳಿ ಅರಸರ ಕೈಸೇರಿತು. ರಂಗಾಚಾರ್ಲು ಅವರು ದಿವಾನರಾದರು. ಅವರಿಗೆ ದೊರೆತದ್ದು ಕ್ಷಾಮದಿಂದ ಜರ್ಝರಿತವಾದ ರಾಜ್ಯ. 1876-78ರ ಭೀಕರ ಬರಗಾಲದಲ್ಲಿ ಸತ್ತವರಿಗೆ ಲೆಕ್ಕವಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷಕ್ಕೂ ಕೆಳಗೆ ಇಳಿದಿತ್ತು. ಬೊಕ್ಕಸದ ಮೇಲೆ ಕ್ಷಾಮದ ಸಾಲದ ಹೊರೆಯಿತ್ತು. ಇಂತಹ ಸಂಕಷ್ಟದ ಕಾಲದಲ್ಲಿಯೂ ಮೈಸೂರು ಸರ್ಕಾರವು ವಿದ್ಯಾರ್ಥಿವೇತನವನ್ನು ಕೊಟ್ಟು ಈ ತರುಣನನ್ನು ಇಂಜಿನಿಯರಿಂಗ್ ವ್ಯಾಸಂಗಕ್ಕೆ ಪುಣೆಗೆ ಕಳುಹಿಸಿತು. ಮಳೆ ಬಾರದೆ ಕೆರೆ ಬತ್ತಿ ಜನರನ್ನು ಕಳೆದುಕೊಂಡ ನಾಡೊಂದು, ನೀರನ್ನು ಹಿಡಿದು ನಿಲ್ಲಿಸುವ ವಿದ್ಯೆಗಾಗಿ ಮಾಡಿದ ಈ ವೆಚ್ಚದ ಬೆಲೆ ಎಷ್ಟೆಂಬುದನ್ನು ಮುಂದಿನ ಕಾಲ ತೋರಿಸಿಕೊಟ್ಟಿತು.

ಪುಣೆಯ ಸಂಸ್ಥೆಯು 1854ರಲ್ಲಿ ಇಂಜಿನಿಯರಿಂಗ್ ತರಗತಿಯಾಗಿ ಆರಂಭಗೊಂಡಿತ್ತು. ಸರ್ಕಾರದ ಕಾಮಗಾರಿಗಳಿಗೆ ಬೇಕಾದ ಕೆಳದರ್ಜೆಯ ನೌಕರರನ್ನು ತಯಾರಿಸುವುದು ಮೊದಲಿನ ಉದ್ದೇಶ. ಕ್ರಮೇಣ ಅದು ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಸೇರಿ, ವಿಶ್ವೇಶ್ವರಯ್ಯನವರು ಹೋಗುವ ಹೊತ್ತಿಗೆ ಕಾಲೇಜ್ ಆಫ್ ಸೈನ್ಸ್ ಎಂಬ ಹೆಸರನ್ನು ಪಡೆದಿತ್ತು. ಸಿವಿಲ್ ಇಂಜಿನಿಯರಿಂಗಿನಲ್ಲಿ ಅಲ್ಲಿ ದೊರೆಯುತ್ತಿದ್ದುದು ಎಲ್.ಸಿ.ಇ. ಎಂಬ ಪದವಿ, ಮುಂದೆ ಬಿ.ಇ. ಪದವಿಯು ಅದರ ಸ್ಥಾನಕ್ಕೆ ಬಂದಿತು.

ಸಿವಿಲ್ ಇಂಜಿನಿಯರಿಂಗ್ ಓದುವುದೆಂದರೆ ಗಣಿತವನ್ನು ನೆಲಕ್ಕೆ ಇಳಿಸುವುದು. ಭೂಮಿಯನ್ನು ಅಳೆಯಬೇಕು, ಏರುತಗ್ಗುಗಳ ಮಟ್ಟವನ್ನು ನೋಡಬೇಕು. ಕಲ್ಲು, ಇಟ್ಟಿಗೆ, ಗಾರೆ, ಮರ, ಕಬ್ಬಿಣಗಳು ಎಷ್ಟು ಭಾರವನ್ನು ತಡೆಯಬಲ್ಲವೆಂದು ತಿಳಿಯಬೇಕು. ನಿಂತ ನೀರಿನ ಒತ್ತಡವನ್ನೂ ಹರಿಯುವ ನೀರಿನ ವೇಗವನ್ನೂ ಲೆಕ್ಕಹಾಕಬೇಕು. ನಕ್ಷೆ ಬರೆದು ವೆಚ್ಚದ ಅಂದಾಜು ಪಟ್ಟಿಯನ್ನು ತಯಾರಿಸಬೇಕು. ಲೆಕ್ಕದ ಪುಸ್ತಕದಲ್ಲಿ ಆದ ತಪ್ಪನ್ನು ರಬ್ಬರಿನಿಂದ ಅಳಿಸಬಹುದು. ಕಟ್ಟೆಯಲ್ಲಿ ಆದ ತಪ್ಪು ಊರುಗಳನ್ನೇ ಅಳಿಸಿಬಿಡುತ್ತದೆ. ವಿಶ್ವೇಶ್ವರಯ್ಯನವರ ಜೀವನದುದ್ದಕ್ಕೂ ಕಾಣುವ ಶಿಸ್ತು, ಸಮಯಪಾಲನೆ, ಅಂಕಿ ಅಂಶಗಳಿಲ್ಲದೆ ಮಾತನಾಡದ ಸ್ವಭಾವ, ಇವೆಲ್ಲಕ್ಕೂ ಈ ವ್ಯಾಸಂಗದೊಡನೆ ನಿಕಟ ಸಂಬಂಧವುಂಟು.

ಮರಾಠಿ ಮಾತನಾಡುವ ಊರಿನಲ್ಲಿ ಕನ್ನಡ ನಾಡಿನ ಈ ವಿದ್ಯಾರ್ಥಿ 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಇಡೀ ಮುಂಬಯಿ ಪ್ರಾಂತಕ್ಕೆ ಪ್ರಥಮನಾಗಿ ತೇರ್ಗಡೆ ಹೊಂದಿ, ಜೇಮ್ಸ್ ಬರ್ಕ್ಲಿ ಬಹುಮಾನವನ್ನು ಗಳಿಸಿದನು. ಮುಂಬಯಿಯಿಂದ ಹೊರಟ ಮೊದಲ ರೈಲುಮಾರ್ಗದ ಮುಖ್ಯ ಇಂಜಿನಿಯರಾಗಿದ್ದ ಬರ್ಕ್ಲಿಯವರ ಸ್ಮರಣಾರ್ಥವಾಗಿ ಆ ಬಹುಮಾನ ಏರ್ಪಟ್ಟಿತ್ತು. 1884ರಲ್ಲಿ ಮುಂಬಯಿ ಸರ್ಕಾರವು ವಿಶ್ವೇಶ್ವರಯ್ಯನವರನ್ನು ಲೋಕೋಪಯೋಗಿ ಇಲಾಖೆಯ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆಗೆ ನೇಮಿಸಿಕೊಂಡಿತು. ಇಂಜಿನಿಯರುಗಳನ್ನು ಇಂಗ್ಲೆಂಡಿನ ಕೂಪರ್ಸ್ ಹಿಲ್ ಕಾಲೇಜಿನಿಂದ ಕರೆತರುತ್ತಿದ್ದ ಕಾಲವದು. ಇಲ್ಲಿಯೇ ಓದಿದ ಭಾರತೀಯನೊಬ್ಬನಿಗೆ ಆ ಹುದ್ದೆ ದೊರೆತದ್ದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ನಾಸಿಕ್ ಮತ್ತು ಖಾನ್‌ದೇಶಗಳಲ್ಲಿ ಸೇವೆ ಆರಂಭವಾಯಿತು. ಖಾನ್‌ದೇಶದಲ್ಲಿ ಹಳ್ಳವೊಂದನ್ನು ದಾಟಿಸಿ ನೀರನ್ನು ಕೊಳವೆಯ ಮೂಲಕ ಸಾಗಿಸುವ ಕೆಲಸವು ಈ ತರುಣ ಇಂಜಿನಿಯರನಿಗೆ ಮೊದಲಲ್ಲೇ ಒದಗಿದ ಸತ್ತ್ವಪರೀಕ್ಷೆ. ಕೊಳವೆಯಲ್ಲಿ ಕೆಳಗಿಳಿದ ನೀರು ಆಚೆಯ ದಡದಲ್ಲಿ ತಾನಾಗಿ ಮೇಲೇರಬೇಕು. ತತ್ತ್ವ ಸರಳ, ಮಳೆಗಾಲದ ಪ್ರವಾಹದ ನಡುವೆ ಅದನ್ನು ಮಾಡಿ ಮುಗಿಸುವುದು ಕಠಿಣ. ಅವರು ಮುಗಿಸಿದರು. ಮುಂದೆ ಸಿಂಧ್ ಪ್ರಾಂತದ ಸಕ್ಕರ್ ನಗರಕ್ಕೆ ಸಿಂಧೂ ನದಿಯ ನೀರನ್ನು ಒದಗಿಸಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ, ನೀರು ಗೊತ್ತಾದ ಮಟ್ಟಕ್ಕೆ ಏರಿದೊಡನೆ ತಾನಾಗಿಯೇ ತೆರೆದು, ಇಳಿದೊಡನೆ ತಾನಾಗಿಯೇ ಮುಚ್ಚುವ ಬಾಗಿಲುಗಳನ್ನು ಅಳವಡಿಸಿದರು. ಕಟ್ಟೆಯನ್ನು ಎತ್ತರಿಸದೆ, ಅದರ ಹಿಂದೆ ನಿಲ್ಲುವ ನೀರನ್ನು ಮಾತ್ರ ಹೆಚ್ಚಿಸಿದ ಈ ಉಪಾಯಕ್ಕೆ ಪೇಟೆಂಟ್ ಸಹ ದೊರೆಯಿತು. ತಾವು ಓದಿದ ಊರಿನ ಜಲಾಶಯದಲ್ಲಿಯೇ ಅವರ ವಿದ್ಯೆ ಹೀಗೆ ಫಲ ಕೊಟ್ಟಿತು.

ಆದರೆ ವಿದ್ಯಾರ್ಥಿವೇತನ ಕೊಟ್ಟ ನಾಡಿನ ಗತಿಯೇನು? ಸುಮಾರು ಕಾಲು ಶತಮಾನದವರೆಗೆ ಮೈಸೂರಿನ ಹಣದಿಂದ ಓದಿದ ಇಂಜಿನಿಯರನ ಸೇವೆ ಮುಂಬಯಿ ಪ್ರಾಂತಕ್ಕೆ ಸಂದಿತು. ಹೊರನೋಟಕ್ಕೆ ಇದು ನಷ್ಟದ ಬಾಬತ್ತಾಗಿ ಕಾಣಬಹುದು. ಕೊಟ್ಟವರು ತಾಳ್ಮೆಯಿಂದ ಕಾಯಬೇಕೆಂಬುದನ್ನು ಮುಂದಿನ ಘಟನೆಗಳು ತೋರಿಸಿದವು. ಮುಂಬಯಿ ಸೇವೆಯಿಂದ ನಿವೃತ್ತರಾಗಿ, 1908ರ ಮೂಸಿ ನದಿಯ ಪ್ರವಾಹದಿಂದ ತತ್ತರಿಸಿದ್ದ ಹೈದರಾಬಾದಿಗೆ ರಕ್ಷಣೆಯ ಯೋಜನೆಯನ್ನು ಹಾಕಿಕೊಟ್ಟು, 1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆಯನ್ನು ಬಳಸಿ, ಅನೇಕ ಇಂಜಿನಿಯರುಗಳ ಮತ್ತು ಸಾವಿರಾರು ಕೂಲಿಕಾರರ ದುಡಿಮೆಯಿಂದ ಕಟ್ಟೆ ಎದ್ದು ನಿಂತಿತು. ಬರದಲ್ಲಿ ಬೆಂದ ನಾಡಿನ ಋಣ ನೀರಿನ ರೂಪದಲ್ಲಿಯೇ ಸಂದಾಯವಾಯಿತು.

1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಬಂದವು. ತಾವು ಪದವಿಗಾಗಿ ಮದರಾಸನ್ನೂ ಮುಂಬಯಿಯನ್ನೂ ಆಶ್ರಯಿಸಬೇಕಾಗಿತ್ತು. ಇನ್ನು ಮುಂದೆ ಮೈಸೂರಿನ ಹುಡುಗನಿಗೆ ಆ ಪರದಾಟ ಬೇಡವೆಂಬಂತೆ ಇವೆರಡನ್ನೂ ಮನೆಬಾಗಿಲಿಗೆ ತಂದರು. ಬೆಂಗಳೂರಿನ ಆ ಕಾಲೇಜು ಇಂದಿಗೂ ಅವರ ಹೆಸರನ್ನೇ ಹೊತ್ತು ನಿಂತಿದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಮಾಚದೆ ಹೇಳುವುದು ಯುಕ್ತ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಸ್ಥಾನವನ್ನೂ ಉನ್ನತ ವ್ಯಾಸಂಗಕ್ಕೆ ವಿಶೇಷ ಸೌಲಭ್ಯಗಳನ್ನೂ ಕಲ್ಪಿಸುವ ವಿಚಾರವಾಗಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಹುದ್ದೆಗೆ ಅರ್ಹತೆಯೊಂದೇ ಮಾನದಂಡವಾಗಬೇಕು, ವಿದ್ಯೆ ಹರಡಿದರೆ ಉಳಿದದ್ದು ತಾನಾಗಿ ಸರಿಹೋಗುವುದೆಂಬುದು ವಿಶ್ವೇಶ್ವರಯ್ಯನವರ ದೃಢವಾದ ನಿಲುವು. ಅದೇ ವರ್ಷದ ಕೊನೆಗೆ ಅವರು ದಿವಾನಗಿರಿಯನ್ನು ತ್ಯಜಿಸಿದರು. ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ಆದರೂ ಅವರ ಜೀವನವೇ ಬೇರೊಂದು ಪಾಠವನ್ನು ನಮ್ಮ ಮುಂದಿಡುತ್ತದೆ. ಅರ್ಹತೆ ಅವರಲ್ಲಿ ಹುಟ್ಟಿನಿಂದಲೇ ಇದ್ದಿರಬಹುದು. ಅದು ಅರಳಲು ಮಾವನ ಮನೆಯ ಅನ್ನ, ಪಾಠದ ಮನೆಯ ಸೂರು, ಗುರುವಿನ ವಾತ್ಸಲ್ಯ, ಸರ್ಕಾರದ ವಿದ್ಯಾರ್ಥಿವೇತನ ಇವು ನಾಲ್ಕೂ ಬೇಕಾದವು. ಇವುಗಳಲ್ಲಿ ಒಂದು ತಪ್ಪಿದ್ದರೂ ಪುಣೆಯ ದಾರಿ ಮುಚ್ಚಿಹೋಗುತ್ತಿತ್ತು. ತಲೆಮಾರುಗಳಿಂದ ಓದಿನ ಮನೆಯನ್ನೇ ಕಾಣದ ಮಕ್ಕಳಿಗೆ ಈ ನಾಲ್ಕೂ ಎಷ್ಟು ಅಗತ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಚಿತ ಪ್ರಸಾದ ನಿಲಯಗಳನ್ನು ನಡೆಸುವ ಸಂಸ್ಥೆಗಳು ಈ ಸತ್ಯವನ್ನು ತಮ್ಮ ಅನುಭವದಿಂದಲೇ ಬಲ್ಲವು.

1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತರತ್ನ ಪ್ರಶಸ್ತಿ ಸಂದಿತು. 1960ರಲ್ಲಿ ನಾಡು ಅವರ ಶತಮಾನೋತ್ಸವವನ್ನು ಆಚರಿಸಿತು. 1962ರ ಏಪ್ರಿಲ್ ತಿಂಗಳಲ್ಲಿ, ನೂರು ವರ್ಷಗಳ ತುಂಬು ಬಾಳನ್ನು ಮುಗಿಸಿ ಅವರು ಕೀರ್ತಿಶೇಷರಾದರು. ಅವರ ಜನ್ಮದಿನವನ್ನು ದೇಶವು ಇಂಜಿನಿಯರುಗಳ ದಿನವನ್ನಾಗಿ ಆಚರಿಸುತ್ತ ಬಂದಿದೆ.

ಸಾಲದಲ್ಲಿದ್ದ ರಾಜ್ಯವೊಂದು ತಂದೆಯಿಲ್ಲದ ಹುಡುಗನ ಓದಿಗೆ ಹಣ ಕೊಟ್ಟಿತು. ಪ್ರತಿಫಲ ಬರಲು ಮೂವತ್ತು ವರ್ಷಗಳು ಹಿಡಿದವು; ಆದರೆ ಅದರ ನೀರನ್ನು ಮಂಡ್ಯದ ಗದ್ದೆಗಳು ಇಂದಿಗೂ ಕುಡಿಯುತ್ತಿವೆ. ವಿದ್ಯಾದಾನ ಮಾಡುವ ಮಹನೀಯರು ಕೂಡಲೇ ಫಲವನ್ನು ಅರಸದಿರಲಿ; ಪಡೆದ ವಿದ್ಯಾರ್ಥಿಗಳು ಎಂದೂ ಋಣವನ್ನು ಮರೆಯದಿರಲಿ. ವಿಶ್ವೇಶ್ವರಯ್ಯನವರ ಸ್ಮರಣೆಗೆ ಇದಕ್ಕಿಂತ ಯೋಗ್ಯವಾದ ಗೌರವ ಬೇರೊಂದಿಲ್ಲ.